ಉಬ್ಬದೇ ಹೋದ ಕಡುಬು

ಗೋಧಿ ಹಿಟ್ಟಿಗೆ ಉಪ್ಪು, ನೀರು ಇಲ್ಲವೇ ಹಾಲು, ಒಂದಿಷ್ಟು ಯೀಸ್ಟ್ ಬೆರೆಸಿ ಮೆತ್ತಗೆ ನಾದಬೇಕು. ಬಟ್ಟೆ ಮುಚ್ಚಿ ಒಲೆಯ ಮುಂದೆ ಇಟ್ಟು ಉಬ್ಬಲು ಬಿಡಬೇಕು. ಉಬ್ಬಿದ ಮೇಲೆ ಉಂಡೆ ಕಟ್ಟಿ, ಕುದಿಯುವ ನೀರಿಗೆ ಹಾಕಿ ಬೇಯಿಸಬೇಕು. ಇಂಗ್ಲೆಂಡಿನ ಪೂರ್ವಭಾಗದ ಸಫೋಕ್, ನಾರ್ಫೋಕ್ ಜಿಲ್ಲೆಗಳ ಹೆಸರಿನ ಜೊತೆ ಬೆಸೆದುಕೊಂಡಿದ್ದ ಈ ಯೀಸ್ಟ್ ಡಂಪ್ಲಿಂಗ್, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಲಂಡನ್ನಿನ ಮನೆಗಳಲ್ಲೂ ದಿನದ ಅಡುಗೆಯೇ ಆಗಿತ್ತು. ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಶೇಂದಿ ಹಾಕಿ ಉಬ್ಬಿಸುವ ಸನ್ನ ತಿಂದವರಿಗೆ ಈ ಇಂಗ್ಲಿಷ್ ಕಡುಬಿನ ಹದ ಯಾವುದನ್ನು ನೆಚ್ಚಿಕೊಂಡಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆಗ ಪೊಟ್ಟಣದ ಯೀಸ್ಟ್ ಇರಲಿಲ್ಲ. ಬಿಯರ್ ಭಟ್ಟಿಯಲ್ಲಿ ಹುದುಗಿನ ಮೇಲೆ ತೇಲುವ ನೊರೆಯನ್ನೇ ತಂದು ಹಿಟ್ಟಿಗೆ ಹಾಕುತ್ತಿದ್ದರು. ಅದು ಒಂದು ದಿನ ಚುರುಕಾಗಿದ್ದರೆ ಇನ್ನೊಂದು ದಿನ ಮಂದವಾಗಿರುತ್ತಿತ್ತು. ಚಳಿ ಹೆಚ್ಚಿದರೆ, ಒಲೆಯ ಶಾಖ ಸಾಲದಿದ್ದರೆ, ನೊರೆ ಹಳೆಯದಾಗಿದ್ದರೆ ಹಿಟ್ಟು ಏಳುವುದಿಲ್ಲ. ಹಿಟ್ಟು ನಾದಿದ ಯಾರಿಗೂ ಇದು ಹೊಸ ಸಂಗತಿಯಲ್ಲ.

1815ರಲ್ಲಿ ಹೀಗೆ ಹಿಟ್ಟು ಏಳದೇ ಹೋದದ್ದು ಒಬ್ಬ ಅಡುಗೆಯ ಹುಡುಗಿಯ ವಿರುದ್ಧ ಸಾಕ್ಷ್ಯವಾಯಿತು. ಅವಳ ಹೆಸರು ಎಲಿಜಬೆತ್ ಫೆನ್ನಿಂಗ್. ಲಂಡನ್ ಅವಳನ್ನು ಎಲಿಜಾ ಎಂದೇ ನೆನಪಿಟ್ಟುಕೊಂಡಿತು. ಅವಳು ಮಾಡಿದ ಕಡುಬು ತಿಂದು ಐದು ಜನ ಕಾಯಿಲೆ ಬಿದ್ದರು. ಆ ಐವರಲ್ಲಿ ಅವಳೂ ಒಬ್ಬಳು. ಯಾರೂ ಸಾಯಲಿಲ್ಲ. ಆದರೂ ನಾಲ್ಕು ತಿಂಗಳ ಬಳಿಕ ನ್ಯೂಗೇಟ್ ಸೆರೆಮನೆಯ ಮುಂದೆ ಅವಳನ್ನು ಗಲ್ಲಿಗೇರಿಸಿದರು. ಆಗ ಅವಳಿಗೆ ಇಪ್ಪತ್ತೆರಡರ ಆಸುಪಾಸು.

ಎಲಿಜಾ ಹುಟ್ಟಿದ್ದು ವೆಸ್ಟ್ ಇಂಡೀಸಿನ ಡೊಮಿನಿಕಾ ದ್ವೀಪದಲ್ಲಿ. ತಂದೆ ವಿಲಿಯಂ ಫೆನ್ನಿಂಗ್ ಬ್ರಿಟಿಷ್ ಸೇನೆಯ ಸಿಪಾಯಿ, ತಾಯಿ ಐರ್ಲೆಂಡಿನ ಕಾರ್ಕ್ ಊರಿನವಳು. ಹೆತ್ತ ಮಕ್ಕಳಲ್ಲಿ ಉಳಿದವಳು ಇವಳೊಬ್ಬಳೇ. ಸೇನೆ ಬಿಟ್ಟ ಮೇಲೆ ತಂದೆ ಲಂಡನ್ನಿನ ಹೋಬರ್ನ್ ಪ್ರದೇಶದಲ್ಲಿ ಆಲೂಗಡ್ಡೆ ವ್ಯಾಪಾರಿಯೊಬ್ಬರ ಹತ್ತಿರ ದುಡಿಯುತ್ತಿದ್ದ. ಹದಿನಾಲ್ಕು ವರ್ಷಕ್ಕೇ ಮಗಳು ಮನೆಗೆಲಸಕ್ಕೆ ಸೇರಿದಳು. ಅವಳಿಗೆ ಓದುಬರಹ ಬರುತ್ತಿತ್ತು. ಆ ಕಾಲದ ಅಡುಗೆಯವಳಲ್ಲಿ ಇದನ್ನು ಒಳ್ಳೆಯ ಗುಣವೆಂದು ಎಲ್ಲರೂ ಎಣಿಸುತ್ತಿರಲಿಲ್ಲ. 1815ರ ಜನವರಿ ಕೊನೆಯಲ್ಲಿ ಅವಳು ಚಾನ್ಸರಿ ಲೇನಿನ ಟರ್ನರ್ ಕುಟುಂಬದಲ್ಲಿ ಅಡುಗೆಗೆ ನಿಂತಳು. ಚಾನ್ಸರಿ ಲೇನ್ ವಕೀಲರ ಬೀದಿ. ಟರ್ನರ್ ಮನೆತನದವರದು ಕೋರ್ಟಿನ ಕಾಗದಪತ್ರಗಳನ್ನು ನಕಲು ಮಾಡಿಕೊಡುವ ಕಸುಬು. ಆ ಮನೆಯಲ್ಲಿ ಮಗ ರಾಬರ್ಟ್ ಗ್ರೆಗ್ಸನ್ ಟರ್ನರ್, ಅವನ ಎಳೆವಯಸ್ಸಿನ ಹೆಂಡತಿ ಷಾರ್ಲಟ್, ರೋಜರ್ ಗ್ಯಾಡ್ಸ್‌ಡನ್ ಮತ್ತು ಇನ್ನೊಬ್ಬ ಹೀಗೆ ಇಬ್ಬರು ಅಪ್ರೆಂಟಿಸ್ ಹುಡುಗರು, ಸೇರಾ ಪೀರ್ ಎಂಬ ಮನೆಗೆಲಸದವಳು, ಅಡುಗೆಗೆ ಎಲಿಜಾ ಇದ್ದರು. ವ್ಯಾಪಾರದಲ್ಲಿ ಪಾಲುಗಾರನಾಗಿದ್ದ ತಂದೆ ಒರ್ಲಿಬಾರ್ ಟರ್ನರ್ ನದಿಯಾಚೆಯ ಲ್ಯಾಂಬೆತ್‌ನಲ್ಲಿ ವಾಸವಾಗಿದ್ದು, ಬಂದು ಹೋಗಿ ಮಾಡುತ್ತಿದ್ದ.

ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ ಒಂದು ಘಟನೆ ನಡೆಯಿತು. ರಾತ್ರಿ ಮಲಗುವ ಹೊತ್ತಿನಲ್ಲಿ ಎಲಿಜಾ ಅರೆಬರೆ ಬಟ್ಟೆಯಲ್ಲಿ ಅಪ್ರೆಂಟಿಸ್ ಹುಡುಗರ ಕೋಣೆಗೆ ಹೋದದ್ದನ್ನು ಕಂಡೆನೆಂದು ಷಾರ್ಲಟ್ ಮಾರನೆಯ ದಿನ ಅವಳನ್ನು ಗದರಿದಳು. ಕೆಲಸ ಬಿಡಿಸುತ್ತೇನೆಂದು ಹೆದರಿಸಿ, ಆಮೇಲೆ ಮನಸ್ಸು ಕರಗಿ ಉಳಿಸಿಕೊಂಡಳು. ಅಂದಿನಿಂದ ಹುಡುಗಿಯ ಮುಖ ಬಿಗಿದಿತ್ತು, ಮೊದಲಿನ ವಿನಯ ಇರಲಿಲ್ಲ ಎಂದು ಷಾರ್ಲಟ್ ಕೋರ್ಟಿನಲ್ಲಿ ಹೇಳಿದಳು. ಒಂದು ಮನೆಮಂದಿಯನ್ನೆಲ್ಲ ಕೊಲ್ಲಲು ಹೊರಟಳು ಎನ್ನುವುದಕ್ಕೆ ಸರ್ಕಾರಿ ಪಕ್ಷ ಮುಂದಿಟ್ಟ ಕಾರಣ ಇದೊಂದೇ. ಯಜಮಾನಿಯಿಂದ ಬೈಸಿಕೊಂಡ ಹುಡುಗಿ ಮುಖ ಊದಿಸಿಕೊಂಡಳು ಎಂಬುದರ ಹೊರತು ಅದರಲ್ಲಿ ನನಗೆ ಬೇರೇನೂ ಕಾಣುವುದಿಲ್ಲ.

ಆದರೆ ಆ ಕಾಲದ ಯಜಮಾನರಿಗೆ ಅಷ್ಟೇ ಸಾಕಾಗಿತ್ತು. ಆಳು ಒಡೆಯನನ್ನು ಕೊಂದರೆ ಇಂಗ್ಲಿಷ್ ಕಾನೂನು ಅದನ್ನು ಬರೀ ಕೊಲೆ ಎನ್ನುತ್ತಿರಲಿಲ್ಲ. ಅದು ರಾಜದ್ರೋಹದ ಕಿರಿಯ ರೂಪವಾಗಿತ್ತು. ಅಂಥ ಅಪರಾಧಕ್ಕೆ ಹೆಂಗಸರನ್ನು ಸುಡುವ ಶಿಕ್ಷೆ 1790ರವರೆಗೂ ಪುಸ್ತಕದಲ್ಲಿತ್ತು. 1803ರಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಎಲನ್‌ಬರೋ ತಂದ ಕಾಯಿದೆ, ಕೊಲ್ಲುವ ಉದ್ದೇಶದಿಂದ ವಿಷ ಹಾಕುವುದನ್ನೇ ಮರಣದಂಡನೆಯ ಅಪರಾಧವನ್ನಾಗಿ ಮಾಡಿತು. ತಿಂದವರು ಬದುಕಿ ಉಳಿದರೂ ಶಿಕ್ಷೆ ಅದೇ. ಅಡುಗೆಯವಳ ಕೈಯನ್ನು ನಂಬದೆ ಬದುಕಲಾಗದ, ನಂಬಲು ಹೆದರುವ ವರ್ಗವೊಂದು ಲಂಡನ್ನಿನಲ್ಲಿ ಬೆಳೆದಿತ್ತು. ಸಾಲದ್ದಕ್ಕೆ ಆ ಮಾರ್ಚ್ ತಿಂಗಳು ಊರೇ ಕುದಿಯುತ್ತಿತ್ತು. ಸ್ವದೇಶಿ ಗೋಧಿಯ ಬೆಲೆ ಕ್ವಾರ್ಟರಿಗೆ 80 ಷಿಲ್ಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಬಿಡಬಾರದೆಂಬ ಧಾನ್ಯ ಕಾಯಿದೆಯ ವಿರುದ್ಧ ಜನ ಬೀದಿಗಿಳಿದು, ಮಂತ್ರಿಗಳ ಮತ್ತು ಸಂಸದರ ಮನೆಗಳ ಮೇಲೆ ಕಲ್ಲು ತೂರಿದ್ದರು. ಎಲ್ಬಾದಿಂದ ತಪ್ಪಿಸಿಕೊಂಡ ನೆಪೋಲಿಯನ್ ಪ್ಯಾರಿಸ್ ಸೇರಿದ್ದು ಮಾರ್ಚ್ 20ರಂದು. ಭಟ್ಟಿಯ ಆಳು ಟರ್ನರ್ ಮನೆಗೆ ಯೀಸ್ಟ್ ತಂದುಕೊಟ್ಟದ್ದೂ ಅದೇ ಸೋಮವಾರ.

ಯೀಸ್ಟ್ ತರಿಸಿದವಳು ಎಲಿಜಾ. ಯೀಸ್ಟ್ ಕಡುಬಿನಲ್ಲಿ ತನ್ನ ಕೈ ಪಳಗಿದೆ, ಒಮ್ಮೆ ಮಾಡಿಕೊಡುತ್ತೇನೆ ಎಂದು ಅವಳು ಹಲವು ದಿನಗಳಿಂದ ಕೇಳುತ್ತಿದ್ದಳಂತೆ. ಕಡುಬು ಬೇಕಾದರೆ ಬೇಕರಿಯಿಂದ ನಾದಿದ ಹಿಟ್ಟನ್ನೇ ತರಿಸಿದರಾಯಿತು ಎಂಬುದು ಷಾರ್ಲಟಳ ಯೋಚನೆ. ಆದರೂ ಮಂಗಳವಾರ ಒಪ್ಪಿಗೆ ಕೊಟ್ಟಳು. ಬಡಿಸಿದ್ದನ್ನು ಹೊಗಳಲೆಂದು ಕಾಯುವ ಅಡುಗೆಯವರ ಉಮೇದು ಎಂಥದೆಂದು ಎಲ್ಲ ಮನೆಗಳಿಗೂ ಗೊತ್ತಿರುತ್ತದೆ. ಸರ್ಕಾರಿ ಪಕ್ಷದ ಬಾಯಲ್ಲಿ ಆ ಉಮೇದೇ ಸಂಚಾಯಿತು.

ಮಧ್ಯಾಹ್ನಕ್ಕೆ ಮುಂಚೆ ಎಲಿಜಾ ಹಿಟ್ಟು ನಾದಿ ಒಲೆಯ ಮುಂದಿಟ್ಟಳು. ಅಪ್ರೆಂಟಿಸ್ ಹುಡುಗರ ಊಟಕ್ಕೆಂದು ಮಾಡಿದ ಮಾಂಸದ ಪೈಯನ್ನು ಬೇಯಿಸಿಕೊಂಡು ಬರಲು ಬೇಕರಿಗೂ ಹೋಗಿಬಂದಳು. ಷಾರ್ಲಟ್ ಆಗಾಗ ಅಡುಗೆಮನೆಗೆ ಇಣುಕಿ ನೋಡಿದಳು. ಹಿಟ್ಟು ಏಳುತ್ತಿಲ್ಲವೆಂದು ಅವಳಿಗೆ ಅನ್ನಿಸಿತು. ಇನ್ನೂ ಹೊತ್ತಿದೆ, ಏಳುತ್ತದೆ ಎಂದು ಎಲಿಜಾ ಸಮಾಧಾನ ಹೇಳಿದಳು. ಅದು ಏಳಲಿಲ್ಲ. ಮೂರು ಗಂಟೆಗೆ ರಾಬರ್ಟ್, ಷಾರ್ಲಟ್ ಮತ್ತು ಅಂದು ಬಂದಿದ್ದ ಒರ್ಲಿಬಾರ್ ಊಟಕ್ಕೆ ಕುಳಿತರು. ಗೋಮಾಂಸದ ಸ್ಟೇಕ್, ಆಲೂಗಡ್ಡೆ, ಕಡುಬು, ಅದಕ್ಕೆ ಹಾಲಿನ ಸಾಸ್. ಬೆಳ್ಳಗೆ ಹಗುರವಾಗಿರಬೇಕಾದ ಕಡುಬು ಇದೇಕೆ ಹೀಗೆ ಕಪ್ಪಾಗಿ ಭಾರವಾಗಿದೆ ಎಂದು ಷಾರ್ಲಟ್ ಬಡಿಸಲು ಬಂದ ಸೇರಾಳಿಗೆ ಹೇಳಿದಳು. ಕಾಲು ಭಾಗ ತಿನ್ನುವಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ಬೆಂಕಿ ಎದ್ದಿತು. ಎದ್ದು ಮಹಡಿಗೆ ಹೋದಳು. ಸ್ವಲ್ಪ ಹೊತ್ತಿಗೇ ಗಂಡನಿಗೂ ಮಾವನಿಗೂ ವಾಂತಿ ಹಿಡಿಯಿತು.

ಅಡುಗೆಮನೆಗೆ ಬಂದ ಗ್ಯಾಡ್ಸ್‌ಡನ್ ತಟ್ಟೆಯಲ್ಲಿ ಉಳಿದ ಕಡುಬನ್ನು ನೋಡಿ ಕೈ ಹಾಕಿದ. ತಣ್ಣಗಾಗಿದೆ, ಗಟ್ಟಿಯಾಗಿದೆ, ಹೊಟ್ಟೆಗೆ ಆಗದು, ತಿನ್ನಬೇಡ ಎಂದಳು ಎಲಿಜಾ. ಹುಡುಗ ಕೇಳದೆ ಒಂದು ಚೂರು ತಿಂದ, ಸಾಸಿಗೆ ರೊಟ್ಟಿ ಅದ್ದಿಕೊಂಡ, ಅವನೂ ಕಾಯಿಲೆ ಬಿದ್ದ. ಕೋರ್ಟಿನಲ್ಲಿ ಈ ಮಾತೂ ಅವಳಿಗೆ ತಿರುಗುಬಾಣವಾಯಿತು. ಆದರೆ ಗಟ್ಟಿಯಾದ ಕಡುಬನ್ನು ಹುಡುಗನಿಗೆ ತಿನ್ನಬೇಡ ಎನ್ನದ ಅಡುಗೆಯವಳು ಯಾರು? ಎಲಿಜಾ ತಾನೂ ಕಡುಬು ತಿಂದಿದ್ದಳು, ಅವಳೂ ವಾಂತಿ ಮಾಡಿಕೊಂಡು ಬಳಲಿದಳು. ಇದು ಎಲ್ಲರೂ ಒಪ್ಪಿದ ಸಂಗತಿ. ಸೇರಾ ಪೀರ್ ಅಂದು ಕಡುಬು ಮುಟ್ಟಿರಲಿಲ್ಲ. ಅವಳು ಹುಡುಗರ ಪೈ ತಿಂದು, ಮೊದಲೇ ಪಡೆದಿದ್ದ ರಜೆಯ ಮೇಲೆ ಹೊರಗೆ ಹೋಗಿದ್ದಳು.

ಮೊದಲು ಬಂದ ವೈದ್ಯ ಹೆನ್ರಿ ಓಗಿಲ್ವಿ. ರಾತ್ರಿ ಒಂಬತ್ತರ ಹೊತ್ತಿಗೆ ಪಿಕಡಿಲಿಯ ಜಾನ್ ಮಾರ್ಷಲ್ ಎಂಬ ಶಸ್ತ್ರವೈದ್ಯ ಬಂದ. ಲ್ಯಾಂಬೆತ್‌ನಿಂದ ಓಡಿಬಂದ ಒರ್ಲಿಬಾರನ ಹೆಂಡತಿ ಮಾರ್ಗರೆಟ್, ಈ ಹಾಳು ಕಡುಬಿನಿಂದಲೇ ಹೀಗಾಯಿತು ಎಂದು ಗದರಿದಾಗ, ಕಡುಬಿನದಲ್ಲಮ್ಮಾ, ಹಾಲಿನಲ್ಲಿರಬೇಕು ಎಂದಳು ಎಲಿಜಾ. ಮಾರನೆಯ ಬೆಳಗ್ಗೆ ಒರ್ಲಿಬಾರ್ ಹಿಟ್ಟು ನಾದಿದ ಪಾತ್ರೆಯನ್ನು ಹುಡುಕಿ, ಅಂಟಿದ್ದಕ್ಕೆ ನೀರು ಸುರಿದು ಅಲುಗಿಸಿದ. ತಳದಲ್ಲಿ ಬಿಳಿಯ ಪುಡಿ ಕೂತಿತು. ಅದು ಆರ್ಸೆನಿಕ್, ನಮ್ಮ ಹಳ್ಳಿಗಳಲ್ಲಿ ಇಲಿ ಪಾಷಾಣ ಎನ್ನುವ ವಿಷ ಎಂದು ಮಾರ್ಷಲ್ ತೀರ್ಮಾನಿಸಿದ.

ಆ ವಿಷ ಮನೆಯಲ್ಲೇ ಇತ್ತು. ಕಡತ ಕೊರೆಯುವ ಇಲಿಗಳಿಗೆಂದು ಕಚೇರಿಯ ಕೋಣೆಯ ಡ್ರಾಯರಿನಲ್ಲಿ, ಮಾರಕ ವಿಷ ಎಂದು ದಪ್ಪಕ್ಷರದಲ್ಲಿ ಬರೆದ ಪೊಟ್ಟಣದಲ್ಲಿ ಇಟ್ಟಿದ್ದರು. ಡ್ರಾಯರಿಗೆ ಬೀಗ ಇರಲಿಲ್ಲ. ಒಲೆ ಹೊತ್ತಿಸಲು ಬೇಕಾದ ಹಾಳು ಕಾಗದವೂ ಅದರಲ್ಲೇ ಇರುತ್ತಿತ್ತು. ಮಾರ್ಚ್ 7ರಂದು ಪೊಟ್ಟಣ ಅಲ್ಲೇ ಇದ್ದದ್ದನ್ನು ನೋಡಿದ್ದರು, ಆಮೇಲೆ ಅದು ಕಾಣಲಿಲ್ಲ. ಮನೆಯವರಲ್ಲಿ ಯಾರ ಕೈಯಾದರೂ ತಲುಪುವಂಥ ಜಾಗ. ಎಲಿಜಾ ಅದನ್ನು ತೆಗೆದದ್ದನ್ನು ಕಂಡವರು ಒಬ್ಬರೂ ಇಲ್ಲ. ಮಾರ್ಚ್ 23ರಂದು ಅವಳನ್ನು ಬಂಧಿಸಿದರು.

ಏಪ್ರಿಲ್ 11ರಂದು ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ವಿಚಾರಣೆ. ಪೀಠದಲ್ಲಿ ಲಂಡನ್ನಿನ ರೆಕಾರ್ಡರ್, ಎಂದರೆ ನಗರದ ನ್ಯಾಯಾಧೀಶ, ಸರ್ ಜಾನ್ ಸಿಲ್ವೆಸ್ಟರ್. ಎಲಿಜಾಳ ಪರ ಆಲಿ ಎಂಬ ವಕೀಲನಿದ್ದ. ಆದರೆ ಅಂದಿನ ನಿಯಮದಂತೆ ಇಂಥ ಮೊಕದ್ದಮೆಯಲ್ಲಿ ಆರೋಪಿಯ ವಕೀಲ ಜ್ಯೂರಿಯನ್ನು ಉದ್ದೇಶಿಸಿ ಮಾತಾಡುವಂತಿರಲಿಲ್ಲ. ಸಾಕ್ಷಿಗಳಿಗೆ ಅಡ್ಡಪ್ರಶ್ನೆ ಹಾಕಬಹುದಿತ್ತು, ಅಷ್ಟೇ. ಅದನ್ನೂ ಅವನು ಹೆಚ್ಚು ಮಾಡಲಿಲ್ಲ. ರೋಗಿಗಳನ್ನು ಮೊದಲು ನೋಡಿದ ಓಗಿಲ್ವಿಯನ್ನು ಸಾಕ್ಷಿಗೆ ಕರೆಯಲೇ ಇಲ್ಲ. ಮಾರ್ಷಲ್ ಹೇಳಿದ್ದು ಎರಡು ಮಾತು. ಪಾತ್ರೆಗೆ ಬಿಸಿನೀರು ಹಾಕಿ ತೊಳೆದು ಬಸಿದಾಗ ಅರ್ಧ ಟೀ ಚಮಚದಷ್ಟು ಬಿಳಿ ಪುಡಿ ಸಿಕ್ಕಿತು, ಅದು ಖಂಡಿತವಾಗಿ ಆರ್ಸೆನಿಕ್. ಕಡುಬು ಕೊಯ್ದ ಚಾಕುಗಳು ಕಪ್ಪಾಗಿದ್ದವು, ಆರ್ಸೆನಿಕ್ ಚಾಕುವನ್ನು ಕಪ್ಪಾಗಿಸುತ್ತದೆ. ಉಳಿದ ಯೀಸ್ಟಿನಲ್ಲಿ, ಹಿಟ್ಟಿನ ಪೀಪಾಯಿಯಲ್ಲಿ ವಿಷ ಇರಲಿಲ್ಲ. ಸಾಸ್ ಮುಟ್ಟದ ರಾಬರ್ಟನೂ ನರಳಿದ್ದರಿಂದ ಸಾಸಿನ ಮೇಲಿನ ಅನುಮಾನವೂ ಹೋಯಿತು. ಉಳಿದದ್ದು ಕಡುಬು, ಕಡುಬು ಮಾಡಿದವಳು ಎಲಿಜಾ.

ಈ ವಿಚಾರಣೆಯ ಕಡತ ಓದುವಾಗ ಎದ್ದು ಕಾಣುವುದು, ಕೋರ್ಟು ಎಷ್ಟು ಹೊತ್ತು ಬರೀ ಹಿಟ್ಟಿನ ವಿಷಯವನ್ನೇ ಮಾತಾಡಿತು ಎಂಬುದು. ಹಿಟ್ಟು ಏಕೆ ಏಳಲಿಲ್ಲ, ಬಣ್ಣ ಏಕೆ ಹಾಗಿತ್ತು, ಭಾರ ಏಕಿತ್ತು, ನಾದುವಾಗ ಯಾರಿದ್ದರು. ಹೀಗೆ ಅಡುಗೆಯ ಪ್ರಶ್ನೆಗಳನ್ನೇ ಕೇಳಿದರು. ಉತ್ತರ ಕೊಟ್ಟವರಲ್ಲಿ ಯಜಮಾನನಿದ್ದ, ಯಜಮಾನಿಯಿದ್ದಳು, ವೈದ್ಯನಿದ್ದ. ಲಂಡನ್ನಿನ ಸಾವಿರಾರು ಅಡುಗೆಯವರಲ್ಲಿ ಒಬ್ಬರನ್ನೂ ಕರೆಸಲಿಲ್ಲ.

ಕರೆಸಬೇಕಾಗಿಯೂ ಇರಲಿಲ್ಲ, ಪುಸ್ತಕ ತೆರೆದಿದ್ದರೂ ಸಾಕಾಗಿತ್ತು. ಹ್ಯಾನಾ ಗ್ಲಾಸ್‌ಳ ಅಡುಗೆ ಪುಸ್ತಕ 1747ರಿಂದಲೇ ಇಂಗ್ಲಿಷ್ ಮನೆಗಳಲ್ಲಿತ್ತು. ಯೀಸ್ಟ್ ಕಡುಬಿನ ಬಗ್ಗೆ ಅವಳು ಕೊಡುವ ಮುಖ್ಯ ಎಚ್ಚರಿಕೆಯೇ ಭಾರದ್ದು: ಉಂಡೆ ಪಾತ್ರೆಯ ತಳ ಹಿಡಿಯದಂತೆ, ನೀರಿನ ಕುದಿ ನಿಲ್ಲದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಕಡುಬು ಭಾರವಾಗುತ್ತದೆ. ತಾಪತ್ರಯ ಬೇಡವೆಂದರೆ ಬೇಕರಿಯಿಂದಲೇ ಹಿಟ್ಟು ತರಿಸಿ ಎಂದೂ ಅವಳು ಸೂಚಿಸುತ್ತಾಳೆ. ಷಾರ್ಲಟಳ ಯೋಚನೆಯೂ ಅದೇ ಆಗಿತ್ತಲ್ಲ. 1806ರಲ್ಲಿ ಬಂದು ಆ ಹೊತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಮರಿಯಾ ರಂಡೆಲ್‌ಳ ಪುಸ್ತಕದಲ್ಲಿ ಸಫೋಕ್ ಕಡುಬಿನ ವಿಧಾನ ಇನ್ನೂ ವಿವರವಾಗಿದೆ. ಬೆಂದ ಕೂಡಲೇ ತಿನ್ನಬೇಕು, ಚಾಕು ಹಾಕದೆ ಎರಡು ಫೋರ್ಕುಗಳಿಂದ ಮೇಲುಭಾಗವನ್ನು ಬಿಡಿಸಿ ತೆರೆಯಬೇಕು, ಏಕೆಂದರೆ ಕಡುಬು ತನ್ನೊಳಗಿನ ಹಬೆಯಿಂದಲೇ ಗಟ್ಟಿಯಾಗುತ್ತದೆ ಎನ್ನುತ್ತಾಳೆ ಆಕೆ. ಕಡುಬು ಭಾರವಾಗುವುದು ಎಷ್ಟು ಸಾಮಾನ್ಯವೆಂದರೆ, ಅದನ್ನು ತಪ್ಪಿಸುವ ಉಪಾಯ ಹೇಳದೆ ಯಾರೂ ಅದರ ವಿಧಾನ ಬರೆಯುತ್ತಲೇ ಇರಲಿಲ್ಲ. ನಾಲ್ಕು ಗೋಡೆಗಳ ಒಳಗಿನ ಈ ತಿಳಿವಳಿಕೆ ಹೆಂಗಸರದ್ದು, ಆಳುಗಳದ್ದು. ಓಲ್ಡ್ ಬೈಲಿಯ ಲೆಕ್ಕದಲ್ಲಿ ಅದು ತಿಳಿವಳಿಕೆಯೇ ಆಗಿರಲಿಲ್ಲ.

ಎಲಿಜಾಳ ಗುಣನಡತೆಯ ಬಗ್ಗೆ ನಾಲ್ಕಾರು ಜನ ಒಳ್ಳೆಯ ಮಾತು ಹೇಳಿದರು. ತಾನು ನಿರಪರಾಧಿ, ಆ ಮನೆಯಲ್ಲಿ ಸುಖವಾಗಿದ್ದೆ, ಕೆಲಸ ತನಗೆ ಇಷ್ಟವಾಗಿತ್ತು ಎಂದು ಅವಳು ಹೇಳಿಕೊಂಡಳು. ಇನ್ನೊಬ್ಬ ಅಪ್ರೆಂಟಿಸನನ್ನು ಕರೆಸಿ ಕೇಳಿ ಎಂದು ಬೇಡಿದಳು. ಹೊತ್ತು ಮೀರಿತು ಎಂದ ನ್ಯಾಯಾಧೀಶ. ಬಳಿಕ ಸಿಲ್ವೆಸ್ಟರ್ ಜ್ಯೂರಿಗೆ ಮೊಕದ್ದಮೆಯ ಸಾರ ಹೇಳಿದ. ಸಾಂದರ್ಭಿಕ ಸಾಕ್ಷ್ಯ ಎಷ್ಟೋ ಸಲ ಕಣ್ಣಾರೆ ಕಂಡ ಸಾಕ್ಷ್ಯಕ್ಕಿಂತ ಗಟ್ಟಿ ಎಂದ. ವಿಷ ತಿಂದ ನಾಯಿಗೂ ಮನುಷ್ಯರಾದವರು ನೆರವಾಗುತ್ತಾರೆ, ಇವಳು ಒಡೆಯ ಒಡತಿ ಒದ್ದಾಡುವಾಗ ಹತ್ತಿರ ಸುಳಿಯಲಿಲ್ಲ ಎಂದ. ಅವಳೂ ಅದೇ ವಿಷದಿಂದ ಕೆಳಗೆ ಬಿದ್ದಿದ್ದಳು ಎಂಬುದನ್ನು ಮಾತ್ರ ಹೇಳಲಿಲ್ಲ. ಜ್ಯೂರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮರಣದಂಡನೆ ಕೇಳಿ ಎಲಿಜಾ ಚೀರಿ ಕುಸಿದಳು, ಅವಳನ್ನು ಎತ್ತಿಕೊಂಡು ಹೋಗಬೇಕಾಯಿತು.

ಆ ಕಾಲದಲ್ಲಿ ಮರಣದಂಡನೆ ಪಡೆದವರೆಲ್ಲ ನೇಣಿಗೆ ಹೋಗುತ್ತಿರಲಿಲ್ಲ. ಬಹಳಷ್ಟು ಜನರಿಗೆ ಕ್ಷಮಾದಾನ ಸಿಗುತ್ತಿತ್ತು. ಆದರೆ ಲಂಡನ್ನಿನ ಕೈದಿಗಳ ವಿಷಯವನ್ನು ರಾಜನ ಮುಂದೆ ಇಡುವ ಅಧಿಕಾರಿ ಯಾರು? ಅದೇ ರೆಕಾರ್ಡರ್. ಶಿಕ್ಷೆ ಕೊಟ್ಟವನೇ ದಯೆಗೆ ಶಿಫಾರಸು ಮಾಡಬೇಕು. ಎಲಿಜಾ ಮೂರೂವರೆ ತಿಂಗಳು ನ್ಯೂಗೇಟಿನಲ್ಲಿ ಕಾದಳು. ತಂದೆ ತಾಯಿಗೂ, ಮದುವೆಯಾಗಬೇಕಿದ್ದ ಹುಡುಗನಿಗೂ ಕಾಗದ ಬರೆದಳು. ರಾಜನ ಪರವಾಗಿ ಆಳುತ್ತಿದ್ದ ಪ್ರಿನ್ಸ್ ರೀಜೆಂಟನಿಗೆ, ಲಾರ್ಡ್ ಚಾನ್ಸಲರ್ ಎಲ್ಡನ್‌ಗೆ, ಗೃಹ ಕಾರ್ಯದರ್ಶಿ ಲಾರ್ಡ್ ಸಿಡ್ಮತ್‌ಗೆ ಅರ್ಜಿಗಳು ಹೋದವು. ಒರ್ಲಿಬಾರ್ ಟರ್ನರನೇ ಒಂದು ಹಂತದಲ್ಲಿ ಕ್ಷಮಾದಾನದ ಅರ್ಜಿಗೆ ಸಹಿ ಹಾಕಲು ಮನಸ್ಸು ಮಾಡಿದ್ದನಂತೆ. ನೀವು ಸಹಿ ಮಾಡಿದರೆ ಅನುಮಾನ ನಿಮ್ಮ ಮನೆಯವರ ಮೇಲೆಯೇ ತಿರುಗುತ್ತದೆ ಎಂದು ಹೇಳಿ ಅವನನ್ನು ತಡೆದವನು ಸಿಲ್ವೆಸ್ಟರ್ ಎಂದು ಪತ್ರಕರ್ತ ವಿಲಿಯಂ ಹೋನ್ ಮುಂದೆ ಅಚ್ಚು ಹಾಕಿಸಿದ.

ಕೊನೆಯ ದಿನಗಳಲ್ಲಿ ಬೆಚ್ಚಿಬೀಳಿಸುವ ಸಂಗತಿಯೊಂದು ಹೊರಬಿತ್ತು. ಹಿಂದಿನ ಶರತ್ಕಾಲದಲ್ಲಿ ರಾಬರ್ಟ್ ಟರ್ನರ್ ಹೋಬರ್ನ್‌ನ ಒಂದು ಔಷಧಿ ಅಂಗಡಿಗೆ ಬುದ್ಧಿ ಕೆಟ್ಟವನ ಹಾಗೆ ಬಂದಿದ್ದ. ನನ್ನನ್ನು ಕಟ್ಟಿಹಾಕಿ, ಬಿಟ್ಟರೆ ಏನಾದರೂ ಅನಾಹುತ ಮಾಡಿಬಿಡುತ್ತೇನೆ, ನನ್ನನ್ನೂ ಹೆಂಡತಿಯನ್ನೂ ಮುಗಿಸಿಬಿಡುತ್ತೇನೆ ಎಂದು ಗೋಗರೆದಿದ್ದ. ಅಂಗಡಿಯವರೇ ಇದನ್ನು ಹೇಳಿದರು. ವಕೀಲ ಬೇಸಿಲ್ ಮಾಂಟೆಗ್ಯೂ ಇದನ್ನು ರೆಕಾರ್ಡರನ ಮುಂದೆ ಇಟ್ಟು, ವಿಚಾರಿಸುವವರೆಗಾದರೂ ನೇಣು ತಡೆಯಿರಿ ಎಂದು ಬೇಡಿಕೊಂಡ. ಕೆಲಸಕ್ಕೆ ಬಾರದ ಮಾತು ಎಂದು ಸಿಲ್ವೆಸ್ಟರ್ ತಳ್ಳಿಹಾಕಿದ. ಜುಲೈ 25ರ ರಾತ್ರಿ ಗೃಹ ಇಲಾಖೆಯಲ್ಲಿ ಎಲ್ಡನ್ ಮತ್ತು ಸಿಲ್ವೆಸ್ಟರ್ ಸೇರಿ ಮತ್ತೊಮ್ಮೆ ಕಾಗದಗಳನ್ನು ನೋಡಿದರು. ತೀರ್ಪು ಬದಲಿಸಲು ಕಾರಣ ಕಾಣಲಿಲ್ಲ ಎಂದರು.

ಮರುದಿನ ಬುಧವಾರ ಬೆಳಗ್ಗೆ ಎಲಿಜಾ ಬಿಳಿಯ ಮಸ್ಲಿನ್ ನಿಲುವಂಗಿ, ಮಸ್ಲಿನ್ ಟೋಪಿ, ತಿಳಿನೇರಳೆ ಬಣ್ಣದ ಬೂಟು ತೊಟ್ಟು ಬಂದಳು. ಅದು ಅವಳು ಮದುವೆಗೆಂದು ಒದಗಿಸಿಕೊಂಡಿದ್ದ ಉಡುಪು ಎಂದು ಊರೆಲ್ಲ ಆಡಿಕೊಂಡಿತು. ಜೊತೆಯಲ್ಲಿ ಬೇರೆ ಅಪರಾಧಗಳ ಇಬ್ಬರು ಗಂಡಸರೂ ನೇಣಿಗೆ ಬಂದಿದ್ದರು. ಸೆರೆಮನೆಯ ಪಾದ್ರಿ ಹೊರೇಸ್ ಕಾಟನ್ ಕೊನೆಯ ಗಳಿಗೆಯಲ್ಲಿ ಮತ್ತೆ ಕೇಳಿದ. ದೇವರ ಮುಂದೆ, ನಾನು ಸ್ವೀಕರಿಸಿದ ಪ್ರಸಾದದ ಮೇಲೆ ಆಣೆಯಿಟ್ಟು ಹೇಳುತ್ತೇನೆ, ನಾನು ನಿರಪರಾಧಿ ಎಂದಳು ಅವಳು. ತಪ್ಪೊಪ್ಪಿಕೊಂಡರೆ ಆತ್ಮಕ್ಕೆ ಒಳ್ಳೆಯದೆಂದು ಬಲವಾಗಿ ನಂಬಿದ್ದ ಕಾಲ ಅದು. ಸಾಯುವಾಗ ಸುಳ್ಳು ಹೇಳುವವಳಲ್ಲ ಎಂದೇ ನೆರೆದ ಸಾವಿರಾರು ಜನ ತಿಳಿದರು. ಮಗಳ ಹೆಣ ಪಡೆಯಲು ತಂದೆ ನೇಣುಗಾರನ ಕೂಲಿ ಮೊದಲಾದ ಬಾಬ್ತು ಎಂದು 14 ಷಿಲ್ಲಿಂಗ್ 6 ಪೆನ್ಸ್ ಕಟ್ಟಬೇಕಾಯಿತು.

ಆಮೇಲಿನ ಐದು ದಿನ ಲಂಡನ್ನಿನ ಬಡವರು ತಮ್ಮದೇ ತೀರ್ಪು ಕೊಟ್ಟರು. ರೆಡ್ ಲಯನ್ ಸ್ಕ್ವೇರ್ ಹತ್ತಿರದ ಈಗಲ್ ಸ್ಟ್ರೀಟಿನ ಮನೆಯಲ್ಲಿಟ್ಟಿದ್ದ ಶವ ನೋಡಲು ಜನ ಸಾಲುಗಟ್ಟಿದರು. ಚಾನ್ಸರಿ ಲೇನಿನ ಟರ್ನರ್ ಮನೆಯ ಮುಂದೆ ಗುಂಪು ಸೇರಿ ಕೂಗಾಡಿತು, ಮನೆಗೆ ಕಾವಲು ಹಾಕಬೇಕಾಯಿತು. ಜುಲೈ 31ರಂದು ಬಿಳಿಯುಡುಪಿನ ಆರು ಹುಡುಗಿಯರು ಶವಪೆಟ್ಟಿಗೆಯ ಹೊದಿಕೆಯ ಅಂಚು ಹಿಡಿದು ನಡೆದರು. ಸೇಂಟ್ ಜಾರ್ಜ್ ದ ಮಾರ್ಟರ್ ಚರ್ಚಿನ ರುದ್ರಭೂಮಿವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಹಿಂಬಾಲಿಸಿದರೆಂದು ಅಂದಿನ ವರದಿಗಳು ಹೇಳುತ್ತವೆ. ಆದರೆ ಕೆಲವು ಪತ್ರಿಕೆಗಳು ಸತ್ತವಳನ್ನೂ ಬಿಡಲಿಲ್ಲ. ಅವಳು ಐರಿಷ್ ಕ್ಯಾಥಲಿಕ್, ತಪ್ಪೊಪ್ಪಿಕೊಳ್ಳಬೇಡ ಎಂದು ಅಪ್ಪನೇ ಹೇಳಿಕೊಟ್ಟಿದ್ದ ಎಂದು ಬರೆದರು. ಹಾಗೆ ಹೇಳಿಲ್ಲ ಎಂದು ಆ ತಂದೆ ಪ್ರಮಾಣಪತ್ರ ಬರೆದುಕೊಡಬೇಕಾಯಿತು.

ಹೋನ್ ಮತ್ತು ಜಾನ್ ವಾಟ್ಕಿನ್ಸ್ ಎಂಬ ಲೇಖಕ ಈ ಪ್ರಕರಣದ ಎಳೆ ಎಳೆಯನ್ನೂ ಬಿಡಿಸಿ, ಅದೇ ವರ್ಷ ದೊಡ್ಡದೊಂದು ಪುಸ್ತಕ ಹೊರತಂದರು. ಆ ಕೆಲಸವನ್ನು ನಾನು ಇಂಗ್ಲಿಷ್ ಪತ್ರಿಕೋದ್ಯಮದ ಮೊದಲ ದೊಡ್ಡ ಅಪರಾಧ ತನಿಖೆಗಳಲ್ಲಿ ಸೇರಿಸುತ್ತೇನೆ. ಕೋರ್ಟು ಮಾಡದೆ ಬಿಟ್ಟ ಪರೀಕ್ಷೆಗಳನ್ನು ಈ ಪುಸ್ತಕ ಮುಂದಿಟ್ಟಿತು. ಹಿಟ್ಟಿಗೆ ಆರ್ಸೆನಿಕ್ ಬೆರೆಸಿ ಯೀಸ್ಟ್ ಹಾಕಿ ನೋಡಿದರು, ಹಿಟ್ಟು ಚೆನ್ನಾಗಿಯೇ ಎದ್ದಿತು. ಅಂಥ ಕಡುಬನ್ನು ಚಾಕುವಿನಿಂದ ಕೊಯ್ದರು, ಚಾಕು ಕಪ್ಪಾಗಲಿಲ್ಲ. ಕಡುಬು ಭಾರವಾಗಿದ್ದಕ್ಕೂ ವಿಷಕ್ಕೂ, ಚಾಕುವಿನ ಕಪ್ಪಿಗೂ ವಿಷಕ್ಕೂ ಸಂಬಂಧವೇ ಇರಲಿಲ್ಲ. ಷಾರ್ಲಟ್ ಕಂಡ ಉಬ್ಬದ ಹಿಟ್ಟು ಬರೀ ಉಬ್ಬದ ಹಿಟ್ಟು. ಇನ್ನು ಮಾರ್ಷಲ್ ಹೇಳಿದ ಅರ್ಧ ಚಮಚ. ಪಾತ್ರೆಗೆ ಅಂಟಿದ ಚೂರುಪಾರಿನಲ್ಲೇ ಅಷ್ಟಿದ್ದರೆ ಕಡುಬುಗಳಲ್ಲಿ ಎಷ್ಟಿರಬೇಕಿತ್ತು? ಕೆಲವೇ ಗುಂಜಿಯಷ್ಟು ಸಾಕು ಒಬ್ಬನ ಪ್ರಾಣಕ್ಕೆ. ಆ ಲೆಕ್ಕದಲ್ಲಿ ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರೂ ಉಳಿಯಬಾರದಿತ್ತು. ಮಾರ್ಷಲ್ ತನ್ನ ಪಕ್ಷ ಸಮರ್ಥಿಸಿಕೊಂಡು ಒಂದು ಕಿರುಹೊತ್ತಿಗೆ ಬರೆದ. ಅದರಿಂದ ಅನುಮಾನ ತಗ್ಗಲಿಲ್ಲ.

ಕಡುಬಿನಲ್ಲಿ ವಿಷ ಇರಲೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಐವರಿಗೂ ಕಾಣಿಸಿದ ಲಕ್ಷಣಗಳು, ಪಾತ್ರೆಯ ಪುಡಿ, ಕಾಣೆಯಾದ ಪೊಟ್ಟಣ ಆರ್ಸೆನಿಕ್ಕಿನತ್ತಲೇ ಬೆರಳು ತೋರಿಸುತ್ತವೆ. ಯಾರು ಹಾಕಿದರು ಎಂಬುದಕ್ಕೆ ಸಾಕ್ಷ್ಯ ಇರಲಿಲ್ಲ. ರಾಬರ್ಟ್ ಟರ್ನರ್ ಸಾಯುವಾಗ ತಪ್ಪೊಪ್ಪಿಕೊಂಡನೆಂಬ ಸುದ್ದಿ ಮುಂದೆ ಪತ್ರಿಕೆಗಳಲ್ಲಿ ಬಂತು, ಎಷ್ಟೋ ಜನ ಅದನ್ನು ನಂಬಿದರು. ನಾನು ನಂಬಲಾರೆ. ಔಷಧಿ ಅಂಗಡಿಯಲ್ಲಿ ಆಡಿದ ಹುಚ್ಚು ಮಾತೊಂದನ್ನು ಹಿಡಿದು ಅವನನ್ನು ಕೊಲೆಗಾರ ಎನ್ನುವುದು, ಮುಖ ಊದಿಸಿಕೊಂಡಳೆಂದು ಎಲಿಜಾಳನ್ನು ಕೊಲೆಗಾರಳೆಂದ ಹಾಗೆಯೇ ಆಗುತ್ತದೆ. ಆದರೆ ಆ ಮಾತನ್ನು ವಿಚಾರಿಸುವಷ್ಟು ಹೊತ್ತು ಅವಳನ್ನು ಬದುಕಲು ಬಿಡಬೇಕಿತ್ತು.

ಅಂದು ಆರ್ಸೆನಿಕ್ ಗುರುತಿಸುವ ವಿಧಾನಗಳೂ ಕಚ್ಚಾ ಆಗಿದ್ದವು. ಕೆಂಡದ ಮೇಲೆ ಹಾಕಿದರೆ ಬೆಳ್ಳುಳ್ಳಿ ವಾಸನೆ ಬರುತ್ತದೆಯೇ, ಕಾಯಿಸಿದಾಗ ತಾಮ್ರದ ಮೇಲೆ ಬಿಳಿ ಕಲೆ ಕೂರುತ್ತದೆಯೇ ಎಂದು ನೋಡುತ್ತಿದ್ದರು. ವುಲಿಚ್ ಶಸ್ತ್ರಾಗಾರದ ಜೇಮ್ಸ್ ಮಾರ್ಷ್ ಎಂಬ ರಸಾಯನತಜ್ಞ, ಕಾಫಿಗೆ ವಿಷ ಹಾಕಿದ ಇನ್ನೊಂದು ಮೊಕದ್ದಮೆಯಲ್ಲಿ ತನ್ನ ಸಾಕ್ಷ್ಯ ಜ್ಯೂರಿಗೆ ಒಪ್ಪಿಗೆಯಾಗದ್ದರಿಂದ ನೊಂದು, ಖಚಿತವಾದ ಪರೀಕ್ಷೆಯೊಂದನ್ನು ಕಂಡುಹಿಡಿದ. ಸತು ಮತ್ತು ಆಮ್ಲದೊಡನೆ ಬೆರೆಸಿದಾಗ ಆರ್ಸೆನಿಕ್ ಅನಿಲವಾಗಿ ಹೊರಡುತ್ತದೆ, ಕಾಯಿಸಿದ ಗಾಜಿನ ಕೊಳವೆಯಲ್ಲಿ ಹಾಯಿಸಿದರೆ ಗಾಜಿನ ಮೇಲೆ ಹೊಳೆಯುವ ಕಪ್ಪು ಪದರವಾಗಿ ಕೂರುತ್ತದೆ. ಇದು ಪ್ರಕಟವಾದದ್ದು 1836ರಲ್ಲಿ. ಆರೋಪಿಯ ವಕೀಲ ಜ್ಯೂರಿಯ ಮುಂದೆ ನಿಂತು ವಾದಿಸಬಹುದು ಎಂಬ ಕಾಯಿದೆ ಬಂದದ್ದೂ ಅದೇ 1836ರಲ್ಲಿ. ಎಲಿಜಾಳಿಗೆ ಬೇಕಾಗಿದ್ದ ಎರಡೂ ಇಪ್ಪತ್ತೊಂದು ವರ್ಷ ತಡವಾಗಿ ಬಂದವು. 1851ರ ಇನ್ನೊಂದು ಕಾಯಿದೆ, ಚಿಲ್ಲರೆಯಾಗಿ ಮಾರುವ ಆರ್ಸೆನಿಕ್‌ಗೆ ಮಸಿಯನ್ನೋ ನೀಲಿಯನ್ನೋ ಬೆರೆಸಿ ಬಣ್ಣ ಬರಿಸಬೇಕು, ಕೊಂಡವರ ಹೆಸರು ಬರೆದಿಡಬೇಕು ಎಂದು ಅಂಗಡಿಯವರಿಗೆ ಕಟ್ಟು ಹಾಕಿತು. ಕ್ರಿಮಿನಲ್ ಶಿಕ್ಷೆಯ ವಿರುದ್ಧ ಮೇಲ್ಮನವಿ ಕೇಳುವ ಪ್ರತ್ಯೇಕ ನ್ಯಾಯಾಲಯ ಇಂಗ್ಲೆಂಡಿಗೆ ಬರಲು 1907ರವರೆಗೆ ಕಾಯಬೇಕಾಯಿತು.

ಅರ್ಧ ಶತಮಾನ ಕಳೆದ ಮೇಲೂ ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಎಲಿಜಾಳ ಕಥೆ ಮತ್ತೆ ಹೇಳಿಸಿದ. ಅವಳು ತಪ್ಪು ಮಾಡಿಲ್ಲವೆಂದು ಅವನು ನಂಬಿದ್ದ. ಸಿಲ್ವೆಸ್ಟರ್ 1822ರಲ್ಲಿ ಸಾಯುವವರೆಗೂ ರೆಕಾರ್ಡರ್ ಆಗಿಯೇ ಉಳಿದ. ಹೋನ್ ಮಾತ್ರ ಸುಮ್ಮನೆ ಕೂರಲಿಲ್ಲ. ಸರ್ಕಾರವನ್ನು ಹಳಿಯುವ ಅಣಕು ಪ್ರಾರ್ಥನೆಗಳನ್ನು ಅಚ್ಚು ಹಾಕಿದ್ದಕ್ಕೆ 1817ರ ಡಿಸೆಂಬರಿನಲ್ಲಿ ಅವನ ಮೇಲೆ ದೈವನಿಂದೆಯ ಮೂರು ಮೊಕದ್ದಮೆಗಳು ಒಂದರ ಹಿಂದೆ ಒಂದರಂತೆ ಮೂರು ದಿನ ನಡೆದವು. ವಕೀಲರಿಲ್ಲದೆ ತಾನೇ ಗಂಟೆಗಟ್ಟಲೆ ವಾದಿಸಿದ. ಎರಡನೆಯ ಮತ್ತು ಮೂರನೆಯ ದಿನ ಪೀಠದಲ್ಲಿ ಕುಳಿತವನು 1803ರ ವಿಷದ ಕಾಯಿದೆಯನ್ನು ತಂದ ಲಾರ್ಡ್ ಎಲನ್‌ಬರೋ. ಶಿಕ್ಷೆಯಾಗಲೇಬೇಕೆಂದು ಅವನು ಜ್ಯೂರಿಗೆ ಒತ್ತಿ ಹೇಳಿದ. ಜ್ಯೂರಿ ಮೂರು ಸಲವೂ ಹೋನ್ ನಿರಪರಾಧಿ ಎಂದಿತು.